ಖುಷ್ಕಿ ಮನೆಗೊಂದು ಅಕ್ಕಡಿ ಸಾಲು: ಕಂಪ್ಯೂಟರ್ ಕಾಯುವ ಕೆಲಸ

ಕೃಷಿ ಪತ್ರಿಕೆಯಲ್ಲಿ ಕಂಪ್ಯೂಟರ್ ಮಾತು ಯಾಕೆ ಅಂತ ಕೇಳುವವರು ಇರ್ತಾರೆ. ಕಾರಣ ಇದೆ. ಜುಲೈ ಕೊನೆಯಲ್ಲಿ ಬೆಳೆ ವಿಮೆ ಕಟ್ಟಲು ಸಾಲಿನಲ್ಲಿ ನಿಂತ ಯಾವ ರೈತನಿಗಾದರೂ ಒಂದು ಮಾತು ಬಾಯಿಪಾಠ ಆಗಿದೆ: "ಸರ್ವರ್ ಡೌನ್ ಐತಿ, ನಾಳೆ ಬರ್ರಿ." ಪಹಣಿ, ಜಾತಿ-ಆದಾಯ ಪತ್ರ, ಫ್ರೂಟ್ಸ್ ನಂಬರು, ಬೆಂಬಲ ಬೆಲೆಯ ನೋಂದಣಿ, ಬರ ಪರಿಹಾರ, ಎಲ್ಲವೂ ಈಗ ಆ ಡಬ್ಬಿಯೊಳಗೆ ಸೇರಿವೆ. ಹಾಗಾದರೆ ಮಲಗಿದ ಸರ್ವರನ್ನು ಎಬ್ಬಿಸುವವರು ಯಾರು? ಅವರೂ ನಮ್ಮ ನಿಮ್ಮಂಥವರ ಮಕ್ಕಳೇ. ಆ ಕೆಲಸ ಎಂಥದ್ದು, ಅದಕ್ಕೆ ಹೋಗುವ ದಾರಿ ಯಾವುದು, ಎಲ್ಲಿ ಹುಷಾರಾಗಿರಬೇಕು ಅಂತ ಬರೆಯುವುದು ಈ ಲೇಖನದ ಉದ್ದೇಶ.

ನನ್ನದು ಜಗಳೂರು ತಾಲ್ಲೂಕಿನಲ್ಲಿ ಐದು ಎಕರೆ ಮಸಾರಿ ಜಮೀನು. ಪೂರಾ ಖುಷ್ಕಿ. ಮೆಕ್ಕೆಜೋಳ, ಶೇಂಗಾ, ಜೊತೆಗೆ ತೊಗರಿ. ಓದಿದ್ದು ಏಳನೇ ಕ್ಲಾಸು. ಕಂಪ್ಯೂಟರ್ ಮುಟ್ಟಿದವನಲ್ಲ. ಆದರೆ ದೊಡ್ಡ ಮಗ ಈ ಕೆಲಸದಲ್ಲಿ ಏಳೆಂಟು ವರ್ಷ ಕಳೆದಿದ್ದಾನೆ. ಅವನು ಊರಿಗೆ ಬಂದಾಗಲೆಲ್ಲ ಕೇಳಿ ಕೇಳಿ ತಿಳಿದುಕೊಂಡದ್ದನ್ನೇ ಇಲ್ಲಿ ಬರೆದಿದ್ದೇನೆ. ಶೇಂಗಾ ಹೋದರೂ ತೊಗರಿ ಉಳಿಯಲಿ ಅಂತ ಅಕ್ಕಡಿ ಸಾಲು ಹಾಕುವವರು ನಾವು. ಮನೆಯಲ್ಲಿ ಒಬ್ಬರ ದುಡಿಮೆ ಮಳೆಗೆ ಕಾಯದಂತಿದ್ದರೆ ಅದೂ ಒಂದು ಅಕ್ಕಡಿಯೇ.

ಪಹಣಿಯಿಂದ ಶುರುವಾದದ್ದು

ನಮ್ಮ ರೈತರ ಬಾಗಿಲಿಗೆ ಕಂಪ್ಯೂಟರ್ ಬಂದದ್ದು ಭೂಮಿ ಯೋಜನೆಯಿಂದ. ಅದಕ್ಕೂ ಮುಂಚೆ ಪಹಣಿ ಅಂದರೆ ಶ್ಯಾನುಭೋಗರ ಕಾಲದಿಂದ ಬಂದ ಕೈಬರಹದ ಪುಸ್ತಕ. ಒಂದು ನಕಲು ಬೇಕಾದರೆ ಎಷ್ಟು ಸಲ ಓಡಾಡಬೇಕು ಅಂತ ಹಳಬರಿಗೆ ಗೊತ್ತು. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹತ್ತಿಸಿದರು. 177 ತಾಲ್ಲೂಕು ಕಚೇರಿಗಳಲ್ಲಿ ಕಿಟಕಿ ತೆರೆದರು. 15 ರೂಪಾಯಿ ಕೊಟ್ಟರೆ ಅಲ್ಲೇ ಪಹಣಿ ಕೈಗೆ. ಆಮೇಲೆ ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತ ಆಯಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಈ ಕೆಲಸದ ಮುಂದಾಳು.

ಅಂದು ತಾಲ್ಲೂಕಿಗೆ ಒಂದೆರಡು ಕಂಪ್ಯೂಟರ್ ಇದ್ದದ್ದು ಈಗ ಎಷ್ಟಾಗಿದೆ ನೋಡಿ. ನಾಡಕಚೇರಿ, ಗ್ರಾಮ ಪಂಚಾಯಿತಿ, ರೈತ ಸಂಪರ್ಕ ಕೇಂದ್ರ, ಸೊಸೈಟಿ, ಬ್ಯಾಂಕು, ಆಸ್ಪತ್ರೆ, ಶಾಲೆ. 2022ರ ಜನವರಿ 26ರಂದು 12 ಜಿಲ್ಲೆಗಳಲ್ಲಿ ಶುರುವಾದ ಗ್ರಾಮ ಒನ್ ಕೇಂದ್ರಗಳು ಬೇರೆ. ಪಂಚಾಯಿತಿ ತನಕ ಭಾರತ್‌ನೆಟ್ ಕೇಬಲ್ ಎಳೆದಿದ್ದಾರೆ. ಇಷ್ಟೊಂದು ಯಂತ್ರ ಕೂರಿಸಿದ ಮೇಲೆ ಕೆಡದೇ ಇರುತ್ತವೆಯೇ? ಕೆಟ್ಟದ್ದನ್ನು ಸರಿ ಮಾಡುವವರು ಬೇಕಲ್ಲ. ನಮ್ಮ ಹುಡುಗರಿಗೆ ಕೆಲಸ ಸಿಗುವುದು ಅಲ್ಲೇ.

ಇದು ನೀರಗಂಟಿಯ ಕೆಲಸ

ಕಂಪ್ಯೂಟರ್ ಕೆಲಸ ಅಂದ ಕೂಡಲೇ ಜನ 'ಸಾಫ್ಟ್‌ವೇರ್' ಅಂತಾರೆ. ನಾನು ಹೇಳುತ್ತಿರುವುದು ಅದಲ್ಲ. ಸಾಫ್ಟ್‌ವೇರ್ ಬರೆಯುವವರು ಕೆರೆ ಕಟ್ಟುವವರಿದ್ದಂತೆ. ಕಟ್ಟಿದ ಕೆರೆಯ ತೂಬು ನೋಡಿಕೊಳ್ಳುವ, ಕಾಲುವೆಯ ಹೂಳು ತೆಗೆಯುವ, ಯಾರ ಗದ್ದೆಗೆ ಎಷ್ಟು ನೀರು ಅಂತ ಬಿಡುವ ನೀರಗಂಟಿ ಬೇರೆ. ಕಂಪ್ಯೂಟರಿನಲ್ಲಿ ಆ ನೀರಗಂಟಿಯನ್ನು ಸಿಸ್ಟಮ್ ಅಡ್ಮಿನ್ ಅಂತಾರೆ. ನೀರು ಬರುವಷ್ಟು ದಿನ ಅವನ ಹೆಸರು ಯಾರೂ ಎತ್ತಲ್ಲ. ನಿಂತ ದಿನ ಊರೆಲ್ಲ ಅವನನ್ನೇ ಹುಡುಕುತ್ತದೆ.

ಈ ಕೆಲಸದಲ್ಲಿ ಮೆಟ್ಟಿಲುಗಳಿವೆ. ಮೊದಲನೆಯದು ಹೆಲ್ಪ್‌ಡೆಸ್ಕ್. ಯಾರಿಗೋ ಪಾಸ್‌ವರ್ಡ್ ಮರೆತಿದೆ, ಪ್ರಿಂಟರ್ ಓಡುತ್ತಿಲ್ಲ, ನೆಟ್ ಬರುತ್ತಿಲ್ಲ ಅಂತ ಫೋನ್ ಬರುತ್ತದೆ. ಪ್ರತಿ ದೂರಿಗೂ ಒಂದು ನಂಬರು. ಅದಕ್ಕೆ 'ಟಿಕೆಟ್' ಅಂತಾರೆ. ಇಷ್ಟು ಹೊತ್ತಿನೊಳಗೆ ಮುಗಿಸಬೇಕು ಅಂತ ಗಡುವು ಇರುತ್ತದೆ. ತನ್ನಿಂದ ಆಗದಿದ್ದರೆ ಮೇಲಿನವರಿಗೆ ಕಳಿಸಬೇಕು. ಎರಡನೆಯದು, ಸ್ಥಳಕ್ಕೇ ಹೋಗಿ ಯಂತ್ರ, ಕೇಬಲ್, ಯುಪಿಎಸ್ ಸರಿ ಮಾಡುವ ಫೀಲ್ಡ್ ಕೆಲಸ. ಮೂರನೆಯದು ಸರ್ವರ್ ಕಾಯುವುದು. ಯಾರಿಗೆ ಯಾವ ಕಡತ ತೆರೆಯುವ ಹಕ್ಕಿರಬೇಕು, ಡಿಸ್ಕ್ ತುಂಬಿತೇ, ಹೊಸ ತಿದ್ದುಪಡಿ ಹಾಕುವುದು ಯಾವಾಗ, ರಾತ್ರಿ ನಕಲು ತೆಗೆದಿಟ್ಟಿತೇ, ಇದೆಲ್ಲ ಅವರ ಜವಾಬ್ದಾರಿ.

ಒಂದು ಮಾತು ಗಮನಿಸಿ. ಪಹಣಿ ಬರದಿದ್ದರೆ ನಾವು ಬೈಯುವುದು ಕಿಟಕಿಯಲ್ಲಿ ಕೂತ ಹುಡುಗಿಯನ್ನು. ಸರ್ವರ್ ಅವಳ ಹತ್ತಿರ ಇರುವುದಿಲ್ಲ, ಬೆಂಗಳೂರಿನ ಡಾಟಾ ಸೆಂಟರಿನಲ್ಲಿ ಇರುತ್ತದೆ. ನಡುವೆ ನೂರಾರು ಕಿಲೋಮೀಟರ್ ಕೇಬಲ್. ಎಲ್ಲೋ ರಸ್ತೆ ಅಗಲ ಮಾಡುವ ಜೆಸಿಬಿ ಒಂದು ಕಡೆ ಕಿತ್ತರೆ ಸಾಕು, ಇಲ್ಲಿ ಪಹಣಿ ನಿಂತಿತು.

ಮೋಟರ್ ಏಳದಿದ್ದರೆ ಏನು ನೋಡ್ತೀರಿ?

ಹಳ್ಳಿ ಹುಡುಗರಿಗೆ ಇದು ಆಗಲ್ಲ ಅನ್ನುವವರಿಗೆ ನಾನು ಕೇಳುವ ಪ್ರಶ್ನೆ ಇದು. ಪಕ್ಕದ ತೋಟದ ಬೋರಿನ ಮೋಟರ್ ಏಳಲಿಲ್ಲ. ಹದಿನೈದು ವರ್ಷದ ಹುಡುಗ ಏನು ಮಾಡುತ್ತಾನೆ? ಮೊದಲು ಮೂರು ಫೇಸ್ ಕರೆಂಟ್ ಬಂದಿದೆಯೇ ನೋಡುತ್ತಾನೆ. ಆಮೇಲೆ ಫ್ಯೂಸು. ಆಮೇಲೆ ಸ್ಟಾರ್ಟರ್. ಆಮೇಲೆ ಕೇಬಲ್. ಎಲ್ಲ ಸರಿ ಇದ್ದರೆ ಮಾತ್ರ ಮೋಟರ್ ಎತ್ತುವ ಮಾತು. ಯಾರೂ ಮೊದಲೇ ಮೋಟರ್ ಎತ್ತುವುದಿಲ್ಲ.

ಕಂಪ್ಯೂಟರಿಗೂ ಇದೇ ಕ್ರಮ ಅಂತ ಮಗ ಹೇಳುತ್ತಾನೆ. ನೆಟ್ ಬರಲಿಲ್ಲ ಅಂದರೆ ಮೊದಲು ಕರೆಂಟು, ಆಮೇಲೆ ಕೇಬಲ್ ಕೂತಿದೆಯೇ, ಸ್ವಿಚ್ಚಿನ ಸಣ್ಣ ದೀಪ ಮಿಣುಕುತ್ತಿದೆಯೇ. ನಂತರ ಆ ಯಂತ್ರಕ್ಕೆ ಐಪಿ ಅಡ್ರೆಸ್ ಸಿಕ್ಕಿದೆಯೇ. ಐಪಿ ಅಡ್ರೆಸ್ ಅಂದರೆ ನಮ್ಮ ಸರ್ವೆ ನಂಬರ್ ಇದ್ದಂತೆ, ಅದಿಲ್ಲದೆ ಯಾವ ಹೊಲ ಅಂತ ಗುರುತು ಹತ್ತಲ್ಲ. ಆಮೇಲೆ 'ಪಿಂಗ್' ಕೊಟ್ಟು ನೋಡುವುದು. ಹೊಲದ ಈ ತುದಿಯಿಂದ ಕೂಗು ಹಾಕಿ ಆ ತುದಿಯಿಂದ ಓಗೊಡುತ್ತಾರೋ ಅಂತ ಕೇಳುವುದೇ ಪಿಂಗ್. ಮೊದಲು ಹತ್ತಿರದ ರೂಟರಿಗೆ, ಆಮೇಲೆ ದೂರದ ಸರ್ವರಿಗೆ. ಕೂಗು ಎಲ್ಲಿ ನಿಂತಿತೋ ದೋಷ ಅಲ್ಲಿದೆ.

ಕೈಕೆಲಸವೂ ಇದೆ. ನೆಟ್‌ವರ್ಕ್ ಕೇಬಲಿನಲ್ಲಿ ಎಂಟು ಎಳೆ. ತುದಿಗೆ ಪ್ಲಗ್ ಹಾಕುವಾಗ ಹೆಚ್ಚಿನ ಕಡೆ ಬಳಸುವ ಬಣ್ಣದ ಕ್ರಮ ಇದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಒಂದು ಎಳೆ ಅದಲು ಬದಲಾದರೂ ತೊಂದರೆ. ಒಂದು ಓಟದ ಕೇಬಲ್ 100 ಮೀಟರ್ ದಾಟಬಾರದು. ಇನ್ನು ಹಳ್ಳಿ ಕಡೆ ಅರ್ತಿಂಗ್ ಸರಿ ಇಲ್ಲದೆ, ಸಿಡಿಲಿಗೆ ಸುಟ್ಟ ಯಂತ್ರಗಳೇ ಜಾಸ್ತಿ. ಗುಂಡಿ ತೆಗೆದು ಇದ್ದಿಲು, ಉಪ್ಪು ಹಾಕಿ ಅರ್ತಿಂಗ್ ಕೊಡುವುದು ಪಂಪ್‌ಸೆಟ್ ಇಟ್ಟವರ ಮಕ್ಕಳಿಗೆ ಹೊಸದೇನಲ್ಲ.

ಮಗ ಹತ್ತಿದ ಮೆಟ್ಟಿಲು

ಮಗ 2018ರಲ್ಲಿ ದಾವಣಗೆರೆಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ. ಎಂಜಿನಿಯರಿಂಗ್ ಮಾಡಿಸು ಅಂತ ಬೀಗರು ಹೇಳಿದರು. ಎರಡು ಎಕರೆ ಕೊಟ್ಟರೆ ಆಗುತ್ತಿತ್ತು. ಮಗನೇ ಬೇಡ ಅಂದ. "ಅಪ್ಪಾಜಿ, ಹೊಲ ಮಾರಿ ನಾನು ಓದಲ್ಲ. ಕೆಲಸ ಮಾಡ್ತಾ ಕಲಿತೀನಿ" ಅಂದ.

ಮೊದಲು ಚನ್ನಗಿರಿ. ಅಲ್ಲಿ ನನ್ನ ತಂಗಿ ಮನೆ. ಊಟ-ವಸತಿಗೆ ಖರ್ಚಿಲ್ಲ. ಒಂದು ಕಂಪ್ಯೂಟರ್ ಅಂಗಡಿಯಲ್ಲಿ ತಿಂಗಳಿಗೆ 6,000 ರೂಪಾಯಿಗೆ ಸೇರಿದ. ಚನ್ನಗಿರಿ ಅಂದರೆ ಅಡಿಕೆ ಸೀಮೆ. ಅಡಿಕೆ ಮಂಡಿಗಳಲ್ಲಿ ಬಿಲ್ಲು, ತೂಕ, ಲೆಕ್ಕ ಎಲ್ಲ ಕಂಪ್ಯೂಟರಿನಲ್ಲಿ. ವ್ಯಾಪಾರದ ದಿನ ಯಂತ್ರ ನಿಂತರೆ ಗಲಾಟೆಯೇ ಗಲಾಟೆ. ಸಿಟ್ಟಿಗೆದ್ದವರ ಮುಂದೆ ಸಮಾಧಾನವಾಗಿ ಕೆಲಸ ಮಾಡುವುದನ್ನು ಅವನು ಅಲ್ಲಿ ಕಲಿತ. ಇದು ಯಾವ ಕೋರ್ಸಿನಲ್ಲೂ ಕಲಿಸುವುದಿಲ್ಲ.

ಎರಡನೆಯದು ಹೊನ್ನಾಳಿ, ನ್ಯಾಮತಿ. ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿ ಹೊಸ ತಾಲ್ಲೂಕು ಆದದ್ದು 2018ರಲ್ಲಿ. ತಾಲ್ಲೂಕು ಆದರೆ ಕಚೇರಿಗಳು ಬರಬೇಕು, ಕಚೇರಿಗೆ ಕಂಪ್ಯೂಟರ್, ಕೇಬಲ್, ಯುಪಿಎಸ್ ಬರಬೇಕು. ಒಬ್ಬ ಗುತ್ತಿಗೆದಾರರ ಕೈಕೆಳಗೆ ಎರಡು ವರ್ಷ ಬೈಕಿನಲ್ಲಿ ಸುತ್ತಿದ. ಸಂಬಳ 11,000, ಪೆಟ್ರೋಲ್ ಬೇರೆ. ಕೊರೊನಾ ಕಾಲದಲ್ಲಿ ಕೈತುಂಬ ಕೆಲಸ. ಮನೆಯಲ್ಲಿ ಕೂತು ಪಾಠ ಕೇಳುವ ಮಕ್ಕಳು, ಮನೆಯಿಂದಲೇ ಕೆಲಸ ಮಾಡಲು ಊರಿಗೆ ಬಂದ ಬೆಂಗಳೂರಿನವರು, ಎಲ್ಲರಿಗೂ ಇವನೇ ಬೇಕು.

2021ರಲ್ಲಿ ಬೆಂಗಳೂರಿಗೆ ಹೋದ. ಹೆಲ್ಪ್‌ಡೆಸ್ಕ್. ಸಂಬಳ 18,000. ರಾತ್ರಿ ಪಾಳಿ. ಇಂಗ್ಲಿಷಿನಲ್ಲಿ ಫೋನ್ ಎತ್ತಲು ಮೊದಲ ಮೂರು ತಿಂಗಳು ಕೈ ನಡುಗುತ್ತಿತ್ತಂತೆ. ದಿನಾ ಹೇಳುವ ಇಪ್ಪತ್ತು ವಾಕ್ಯಗಳನ್ನು ಬರೆದಿಟ್ಟುಕೊಂಡು ಕನ್ನಡಿ ಮುಂದೆ ಹೇಳಿ ಅಭ್ಯಾಸ ಮಾಡಿದ. ಹಗಲು ಹೊತ್ತು ನಿದ್ದೆ ಬಿಟ್ಟು ಲಿನಕ್ಸ್ ಕಲಿತ.

ಲಿನಕ್ಸ್ ಅಂದರೆ 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಬರೆಯಲು ಶುರು ಮಾಡಿದ್ದು. ಯಾರು ಬೇಕಾದರೂ ಬಿಟ್ಟಿ ಬಳಸಬಹುದು, ತಿದ್ದಬಹುದು, ಹಂಚಬಹುದು. ನಾವು ನಾಟಿ ಬೀಜ ಹಂಚಿಕೊಂಡ ಹಾಗೆ. ಜಗತ್ತಿನ ಬಹುಪಾಲು ಸರ್ವರುಗಳು ಇದರ ಮೇಲೆ ಓಡುತ್ತವೆ. 2023ರಲ್ಲಿ ಅವನು ರೆಡ್ ಹ್ಯಾಟ್ ಕಂಪನಿಯ ಆರ್‌ಎಚ್‌ಸಿಎಸ್‌ಎ ಪರೀಕ್ಷೆ ಕಟ್ಟಿದ. ಫೀಗೆ ಮನೆಯ ಎರಡು ಹೋತ ಮಾರಿದೆವು. ಆ ಪರೀಕ್ಷೆಯಲ್ಲಿ ಟಿಕ್ ಹಾಕುವುದಿಲ್ಲ. ಯಂತ್ರದ ಮುಂದೆ ಕೂರಿಸಿ ಕೆಲಸ ಮಾಡಿಸಿ ನೋಡುತ್ತಾರೆ. 300ಕ್ಕೆ 210 ಅಂಕ ಬಂದರೆ ಪಾಸು. ಪಾಸಾದ ಮೇಲೆ ಸರ್ವರ್ ಕಾಯುವ ಕೆಲಸ ಸಿಕ್ಕಿತು. ಕೈಗೆ 32,000.

ಎಲ್ಲಿ ಕಲಿಯಬಹುದು?

ಎಸ್ಸೆಸ್ಸೆಲ್ಸಿ ಆದವರಿಗೆ ಐಟಿಐನಲ್ಲಿ ಎರಡು ದಾರಿ. 'ಕೋಪಾ' ಅಂತ ಒಂದು ವರ್ಷದ ಕಂಪ್ಯೂಟರ್ ಆಪರೇಟರ್ ಕೋರ್ಸು. ಯಂತ್ರ, ನೆಟ್‌ವರ್ಕ್ ನಿರ್ವಹಣೆಗೆ ಎರಡು ವರ್ಷದ ಬೇರೆ ಕೋರ್ಸು. ಆದರೆ ಎಲ್ಲ ಐಟಿಐಗಳಲ್ಲಿ ಎಲ್ಲ ಕೋರ್ಸೂ ಇರುವುದಿಲ್ಲ, ಹೋಗಿ ಕೇಳಬೇಕು. ಮೂರು ವರ್ಷದ ಡಿಪ್ಲೊಮಾಕ್ಕೆ ಚನ್ನಗಿರಿಯಲ್ಲೂ ದಾವಣಗೆರೆಯಲ್ಲೂ ಸರ್ಕಾರಿ ಪಾಲಿಟೆಕ್ನಿಕ್ ಇವೆ. ಡಿಪ್ಲೊಮಾ ಆದವರು ಮುಂದೆ ಮನಸ್ಸಾದರೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಎಂಜಿನಿಯರಿಂಗಿಗೆ ಸೇರಬಹುದು. ಬಾಗಿಲು ಮುಚ್ಚಿಹೋಗುವುದಿಲ್ಲ.

ಪದವಿ, ಡಿಪ್ಲೊಮಾ ಮುಗಿಸಿ ಆರು ತಿಂಗಳು ಕೆಲಸ ಸಿಗದವರಿಗೆ ಯುವನಿಧಿ ಇದೆ. ಪದವಿಗೆ ತಿಂಗಳಿಗೆ 3,000, ಡಿಪ್ಲೊಮಾಕ್ಕೆ 1,500, ಹೆಚ್ಚೆಂದರೆ ಎರಡು ವರ್ಷ. 2024ರ ಜನವರಿ 12ರಂದು ಶಿವಮೊಗ್ಗದಲ್ಲೇ ಇದರ ಹಣ ಕೊಡಲು ಶುರು ಮಾಡಿದ್ದು. ಆ ದುಡ್ಡು ಚಹಾ-ಬನ್ನಿಗೆ ಹೋಗದೆ ಇಂಟರ್‌ನೆಟ್ಟಿಗೆ, ಪರೀಕ್ಷೆ ಫೀಗೆ ಹೋದರೆ ಕೆಲಸಕ್ಕೆ ಬರುತ್ತದೆ.

ಬಿಟ್ಟಿ ಪಾಠಗಳೂ ಬೇಕಾದಷ್ಟಿವೆ. ಐಐಟಿ ಬಾಂಬೆಯವರ 'ಸ್ಪೋಕನ್ ಟ್ಯುಟೋರಿಯಲ್' ನಲ್ಲಿ ಹತ್ತು ನಿಮಿಷದ ಸಣ್ಣ ಸಣ್ಣ ಪಾಠ. ಕನ್ನಡದಲ್ಲೂ ಇವೆ. ಹಳೆ ಕಂಪ್ಯೂಟರ್ ಒಂದು ಸಿಕ್ಕರೆ ಸಾಕು. ಅದಕ್ಕೆ ಲಿನಕ್ಸ್ ಹಾಕಿ, ಕೆಡಿಸಿ, ಮತ್ತೆ ಕಟ್ಟಿ ಕಲಿಯಬಹುದು. ಕೆಡಿಸಿದರೆ ಮನೆಯದ್ದೇ ತಾನೆ. ಇನ್ನೊಂದು, ಕನ್ನಡ ಟೈಪಿಂಗ್ ಬಿಡಬಾರದು. ನಮ್ಮ ಕಡೆಯ ಕಚೇರಿಗಳಲ್ಲಿ ನುಡಿ ತಂತ್ರಾಂಶ ಬಲ್ಲವರಿಗೆ ಮೊದಲ ಮಣೆ.

ಬೀಜ ಕಾಯ್ದಂತೆ ಬ್ಯಾಕಪ್

ಈ ಕೆಲಸದ ಅತಿ ದೊಡ್ಡ ಪಾಠ ಯಾವುದು ಅಂತ ಮಗನನ್ನು ಕೇಳಿದ್ದೆ. "ಬ್ಯಾಕಪ್ಪು, ಅಪ್ಪಾಜಿ" ಅಂದ. ಅಂದರೆ ನಕಲು ಕಾಯ್ದಿಡುವುದು. ನಿಯಮ ಹೀಗಿದೆ: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಪ್ರತಿ ಬೇರೆ ಊರಲ್ಲಿ. ಕೇಳಿ ಮನೆಯಾಕೆ ನಕ್ಕಳು. "ಇದನ್ನ ಹೇಳಾಕೆ ಬೆಂಗಳೂರಿಗೆ ಹೋಗಬೇಕಾ? ನವಣೆ ಬೀಜ ನಾನು ಮಡಕೆಯಾಗೊಂದಿಷ್ಟು, ಗೂಡೆಯಾಗೊಂದಿಷ್ಟು, ತವರುಮನಿಯಾಗೊಂದಿಷ್ಟು ಇಡಾದು ಮತ್ಯಾತಕ್ಕೆ?" ಅಂದಳು. ಅದಕ್ಕೆ ಮಗ, "ಇಟ್ಟರೆ ಸಾಲದವ್ವ, ಆಗಾಗ ತೆಗೆದು ಬರ್ತೈತೋ ಇಲ್ಲೋ ನೋಡಬೇಕು" ಅಂದ. ಬಿತ್ತೋಕೆ ಮುಂಚೆ ಒದ್ದೆ ಗೋಣಿಯಲ್ಲಿ ನೂರು ಕಾಳು ಹಾಕಿ ಮೊಳಕೆ ನೋಡುವುದಿಲ್ಲವೇ, ಹಾಗೆ.

ನೋಡದಿದ್ದರೆ ಏನಾಗುತ್ತದೆ? 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಕಂಪನಿ ಕಳಿಸಿದ ಒಂದು ತಪ್ಪು ತಿದ್ದುಪಡಿಯಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಒಂದೇ ದಿನ ಮಲಗಿದವು. ವಿಮಾನಗಳು ನಿಂತವು. ನಮ್ಮ ದೇಶದಲ್ಲೂ ವಿಮಾನದ ಚೀಟಿಯನ್ನು ಕೈಯಲ್ಲಿ ಬರೆದು ಕೊಟ್ಟರು. ಎಬ್ಬಿಸಿದ್ದು ಯಾರು? ಇಂಥ ಹುಡುಗ-ಹುಡುಗಿಯರೇ. ಎಷ್ಟೋ ಕಡೆ ಒಂದೊಂದೇ ಯಂತ್ರದ ಮುಂದೆ ಕೂತು ಆ ಕೆಟ್ಟ ಕಡತ ಅಳಿಸಿ ಎಬ್ಬಿಸಬೇಕಾಯಿತು. ಬಿತ್ತನೆಯಲ್ಲೂ ಇದೇ ಪಾಠ. ಹೊಸ ತಳಿ ಅಂತ ಇಡೀ ಐದು ಎಕರೆಗೆ ಯಾರಾದರೂ ಒಮ್ಮೆಗೇ ಹಾಕ್ತಾರಾ? ಮೊದಲು ಹತ್ತು ಗುಂಟೆಗೆ ಹಾಕಿ ನೋಡಬೇಕು.

ಹುಷಾರಾಗಿರಬೇಕಾದ್ದು ಎಲ್ಲಿ?

ಕಳಪೆ ಬೀಜ ಮಾರುವವರು ಇದ್ದ ಹಾಗೆ ಇಲ್ಲಿಯೂ ಇದ್ದಾರೆ. ನಮ್ಮೂರಿನ ಒಬ್ಬ ಹುಡುಗ ನಗರದ ಒಂದು ತರಬೇತಿ ಕೇಂದ್ರಕ್ಕೆ 60,000 ರೂಪಾಯಿ ಕಟ್ಟಿದ. ನೂರಕ್ಕೆ ನೂರು ಕೆಲಸ ಗ್ಯಾರಂಟಿ ಅಂದಿದ್ದರು. ಮೂರು ತಿಂಗಳಾದ ಮೇಲೆ ಕೊಟ್ಟದ್ದು ಚೌಕಟ್ಟು ಹಾಕಿಸುವಂಥ ಒಂದು ಸರ್ಟಿಫಿಕೇಟ್ ಮಾತ್ರ. ಅಪ್ಪ ಸಾಲ ಮಾಡಿದ್ದು ಎತ್ತು ಅಡ ಇಟ್ಟು. ಎತ್ತು ವಾಪಸ್ ಬರಲಿಲ್ಲ. ಹುಡುಗ ಈಗ ಗಾರೆ ಕೆಲಸಕ್ಕೆ ಹೋಗುತ್ತಾನೆ.

ಕೆಲಸ ಸಿಕ್ಕ ಮೇಲೂ ಕಣ್ಣು ತೆರೆದಿರಬೇಕು. ಶುರುವಿನ ಕೆಲಸಗಳು ಹೆಚ್ಚಿನವು ಗುತ್ತಿಗೆಯವು. ಕೂರುವುದು ಒಂದು ಕಂಪನಿಯಲ್ಲಿ, ಸಂಬಳ ಕೊಡುವುದು ಇನ್ನೊಬ್ಬರು. ಪಿಎಫ್ ಹಿಡಿದರೆ ಯುಎಎನ್ ನಂಬರ್ ಕೊಡಬೇಕು, ಹಣ ಜಮಾ ಆಗಿದೆಯೇ ಅಂತ ಮೊಬೈಲಿನಲ್ಲೇ ನೋಡಬಹುದು. ಸಂಬಳ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ ಕಾರ್ಡು ಕೇಳಬೇಕು. ಕಾಯಿಲೆ ಬಿದ್ದಾಗ ಅದರ ಬೆಲೆ ಗೊತ್ತಾಗುತ್ತದೆ.

ರಾತ್ರಿ ಪಾಳಿ ಸುಲಭ ಅಲ್ಲ. ಮಗ ಮೊದಲ ವರ್ಷ ಆರು ಕೆಜಿ ಇಳಿದ. ಹಬ್ಬಕ್ಕೆ ರಜೆ ಸಿಗದ ವರ್ಷಗಳೂ ಇದ್ದವು. ಇನ್ನೊಂದು ವಿಷಯ, ಪಾಸ್‌ವರ್ಡ್ ಬದಲಿಸುವಂಥ ಸಣ್ಣ ಕೆಲಸಗಳನ್ನು ಈಗ ಯಂತ್ರವೇ ಮಾತಾಡಿ ಮುಗಿಸುತ್ತದೆ. ಹಾಗಾಗಿ ಮೊದಲ ಮೆಟ್ಟಿಲಲ್ಲೇ ಐದು ವರ್ಷ ಕೂತವರಿಗೆ ಮುಂದೆ ಕಷ್ಟ. ಒಂದೂವರೆ, ಎರಡು ವರ್ಷದೊಳಗೆ ಮುಂದಿನದ್ದು ಕಲಿತು ಮೇಲೆ ಹೋಗಬೇಕು.

ಸೇರಿಸುವ ಮುಂಚೆ ಕೇಳಬೇಕಾದ ಪ್ರಶ್ನೆಗಳು

* ಕಳೆದ ವರ್ಷ ಇಲ್ಲಿ ಕಲಿತವರಲ್ಲಿ ಮೂವರ ಫೋನ್ ನಂಬರ್ ಕೊಡ್ತೀರಾ? (ಕೊಡದಿದ್ದರೆ ಎದ್ದು ಬನ್ನಿ.)
* ಒಬ್ಬರಿಗೊಂದು ಕಂಪ್ಯೂಟರ್ ಸಿಗುತ್ತದೆಯೇ? ಬಿಚ್ಚಿ ಜೋಡಿಸಲು ಬಿಡ್ತೀರಾ?
* ಸರ್ಟಿಫಿಕೇಟ್ ಯಾರು ಕೊಡುವುದು? ಸರ್ಕಾರವೇ, ಕಂಪನಿಯೇ, ಇಲ್ಲ ಈ ಅಂಗಡಿಯೇ?
* ಫೀ ಕಂತಿನಲ್ಲಿ ಕಟ್ಟಬಹುದೇ? ನಡುವೆ ಬಿಟ್ಟರೆ ಎಷ್ಟು ವಾಪಸ್? ರಸೀದಿ ಕೊಡ್ತೀರಾ?
* ಕೆಲಸ ಕೊಡಿಸಲು ಡಿಪಾಸಿಟ್ ಕೇಳಿದರೆ ಕೊಡಬೇಡಿ. ಕೆಲಸ ಕೊಡುವವರು ಸಂಬಳ ಕೊಡುತ್ತಾರೆ, ದುಡ್ಡು ಕೇಳುವುದಿಲ್ಲ.

ಹೊಲಕ್ಕೆ ಏನಾಯಿತು?

ಮಕ್ಕಳೆಲ್ಲ ಹೋದರೆ ಹೊಲ ಉಳುವವರು ಯಾರು ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಅದಕ್ಕೆ ನನ್ನ ಹತ್ತಿರ ಪೂರಾ ಉತ್ತರ ಇಲ್ಲ. ನನ್ನ ಮನೆಯ ಲೆಕ್ಕ ಹೇಳಬಲ್ಲೆ. 2023ರಲ್ಲಿ ಬರ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಸಾರಿತ್ತು. ನನ್ನ ಮೆಕ್ಕೆಜೋಳ ಮೊಣಕಾಲೆತ್ತರಕ್ಕೆ ಒಣಗಿತು. ಆ ವರ್ಷ ಮಗ ತಿಂಗಳಿಗೆ 8,000 ಕಳಿಸಿದ. ಬಡ್ಡಿ ಸಾಲ ತರಲಿಲ್ಲ, ಎತ್ತು ಮಾರಲಿಲ್ಲ. ಮರುವರ್ಷ ಬೀಜ-ಗೊಬ್ಬರಕ್ಕೆ ಅಂಗಡಿಯಲ್ಲಿ ಉದ್ರಿ ಹೇಳದೆ ರೊಕ್ಕ ಕೊಟ್ಟು ತಂದೆ. ಅರ್ಧ ಎಕರೆಗೊಂದು ಕೃಷಿ ಹೊಂಡ ತೋಡುವ ಯೋಚನೆಗೂ ಅದೇ ಹಣ. ಐದು ಎಕರೆ ಐದು ಎಕರೆಯಾಗಿಯೇ ಇದೆ. ಚಿಕ್ಕವನು ನನ್ನ ಜೊತೆ ಹೊಲದಲ್ಲಿದ್ದಾನೆ.

ಈಗ ಊರಿನ ಮೂರು ಮಕ್ಕಳು, ಅದರಲ್ಲಿ ಇಬ್ಬರು ಹೆಣ್ಣುಮಕ್ಕಳು, ಭಾನುವಾರ ನಮ್ಮ ಪಡಸಾಲೆಗೆ ಬರುತ್ತಾರೆ. ಮಗ ಬೆಂಗಳೂರಿನಿಂದ ತಂದುಕೊಟ್ಟ ಎರಡು ಹಳೆ ಕಂಪ್ಯೂಟರ್ ಅಲ್ಲಿವೆ. ಬಿಚ್ಚುತ್ತಾರೆ, ಜೋಡಿಸುತ್ತಾರೆ, ಸಿಕ್ಕಿಬಿದ್ದಾಗ ಅವನಿಗೆ ಫೋನ್ ಮಾಡುತ್ತಾರೆ. ಕರೆಂಟ್ ಬಿಲ್ಲು ನಮ್ಮದು, ಇಂಟರ್‌ನೆಟ್ ಖರ್ಚು ಮೂರು ಮನೆಯವರು ಹಂಚಿಕೊಂಡಿದ್ದಾರೆ. ಒಬ್ಬಳು ಬರುವ ಜೂನಿಗೆ ಐಟಿಐ ಅರ್ಜಿ ಹಾಕುತ್ತಾಳೆ. ನಿಮ್ಮೂರಿನಲ್ಲೂ ಇಂಥದ್ದು ಶುರು ಮಾಡಬಹುದು. ಒಂದು ಹಳೆ ಯಂತ್ರ, ಒಂದು ಸ್ಕ್ರೂಡ್ರೈವರ್ ಸೆಟ್ಟು, ಸರಿಯಾದ ಅರ್ತಿಂಗ್ ಇದ್ದರೆ ಸಾಕು. ಅರ್ತಿಂಗ್ ಮಾತ್ರ ಮೊದಲು ಮಾಡಿಸಿ.